ಶನಿವಾರದ ಆಟಕ್ಕೆ ಮಂಗಳವಾರ ಹೊರಡುವ ಲವಾನ್

ಮಂಗಳವಾರ ಬೆಳಗಿನ ಐದೂಮುಕ್ಕಾಲು. ಟ್ಯಾಮರಾಕ್ ಸ್ಟೇಟ್ ಕಾಲೇಜಿನ ಕ್ರೀಡಾಂಗಣದ ಹಿಂಬದಿಯ ಇಳಿಜಾರಿನಲ್ಲಿ ಐವತ್ತಮೂರು ಅಡಿ ಉದ್ದದ ಟ್ರೇಲರ್ ಬಾಯಿ ತೆರೆದು ನಿಂತಿದೆ. ಅದರ ಮೈಮೇಲೆ ಒಂದು ಆಳೆತ್ತರದ ಕಪ್ಪುಬಿಳಿ ಮ್ಯಾಗ್‌ಪೈ ಹಕ್ಕಿ ರೆಕ್ಕೆ ಬಿಚ್ಚಿದೆ. ಕೊಯ್ಲು ಮುಗಿದ ಗೋಧಿ ಗುಡ್ಡಗಳ ಕಡೆಯಿಂದ ತಣ್ಣನೆಯ ಗಾಳಿ ಬೀಸುತ್ತಿದೆ. ಲವಾನ್ ಸ್ಟ್ರಾಂಡ್ ಒಂದು ಕೈಯಲ್ಲಿ ಕಾಫಿ ಲೋಟ ಹಿಡಿದು, ಇನ್ನೊಂದು ಕೈಯಲ್ಲಿ ಸಣ್ಣ ಸುತ್ತಿಗೆಯಿಂದ ಹದಿನೆಂಟು ಚಕ್ರಗಳನ್ನೂ ಒಂದೊಂದಾಗಿ ತಟ್ಟುತ್ತ ಬರುತ್ತಿದ್ದಾರೆ. ಹನ್ನೊಂದನೆಯದರ ಬಳಿ ನಿಂತು ಮತ್ತೊಮ್ಮೆ ತಟ್ಟುತ್ತಾರೆ. ತಲೆ ಓರೆ ಮಾಡಿ ಕೇಳುತ್ತಾರೆ. ಗಾಳಿ ಹಾಕುವ ಕೊಳವೆ ಎಳೆದು ತರುತ್ತಾರೆ.

"ಮೀಟರ್ ಇದೆ, ನೋಡ್ಬಹುದು," ಎನ್ನುತ್ತಾರೆ, ನನ್ನ ಮುಖದಲ್ಲಿದ್ದ ಪ್ರಶ್ನೆಯನ್ನು ಓದಿದವರಂತೆ. "ಆದ್ರೆ ಮೀಟರ್ರು ನಂಬರ್ ಹೇಳುತ್ತೆ ಅಷ್ಟೆ. ಚಕ್ರಕ್ಕೆ ಬೇಜಾರಾಗಿದ್ಯಾ ಅಂತ ಹೇಳಲ್ಲ."

ಅರವತ್ತಮೂರು ವರ್ಷದ ಹೆಂಗಸು ಲವಾನ್, ಈ ಕಾಲೇಜಿನ ಮ್ಯಾಗ್‌ಪೈಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದ ಸಾಮಾನಿನ ಲಾರಿ ಓಡಿಸಲು ಶುರುಮಾಡಿ ಮೂವತ್ತೊಂದು ವರ್ಷವಾಯಿತು. ಪರ ಊರಿನ ಆಟವಿದ್ದಾಗ ಹುಡುಗರು ಶುಕ್ರವಾರ ವಿಮಾನದಲ್ಲಿ ಹೋಗುತ್ತಾರೆ. ಅವರು ಅಲ್ಲಿ ಬಟ್ಟೆ ಬದಲಿಸುವ ಕೋಣೆಗೆ ಕಾಲಿಡುವ ಹೊತ್ತಿಗೆ ಪ್ರತಿಯೊಬ್ಬನ ಗೂಡಿನಲ್ಲೂ ಅವನವನ ಹೆಲ್ಮೆಟ್ಟು, ಭುಜಕವಚ, ಎರಡು ಜೊತೆ ಬೂಟು, ಹೆಸರು ಹೊಲಿದ ಅಂಗಿ ಕಾಯುತ್ತಿರಬೇಕು. ಅಭ್ಯಾಸಕ್ಕೆ ಬೇರೆ ಹಳೆಯ ಹೆಲ್ಮೆಟ್ಟುಗಳಿವೆ. ಪಂದ್ಯದವು ಮಾತ್ರ ಲವಾನ್ ಜೊತೆಗೇ ಪ್ರಯಾಣ ಮಾಡುತ್ತವೆ. ಎಂಬತ್ತೆರಡು ಹೆಲ್ಮೆಟ್ಟು, ಎಪ್ಪತ್ತನಾಲ್ಕು ಪೆಟ್ಟಿಗೆ, ಆರು ಮಾಲೀಸು ಮೇಜು, ನಾಲ್ಕು ದೊಡ್ಡ ಫ್ಯಾನು, ಬೇಲಿಗೆ ಕಟ್ಟುವ ಬಲೆ. ಎಲ್ಲ ಸೇರಿ ಹದಿನೆಂಟು ಸಾವಿರ ಪೌಂಡು ತೂಕ.

ಎರಡು ವರ್ಷದ ಹಿಂದಿನವರೆಗೆ ಇದೆಲ್ಲ ಹೊತ್ತು ಅವರು ಹೋಗುತ್ತಿದ್ದ ಅತಿ ದೂರದ ಊರು ಒಂಬತ್ತು ಗಂಟೆಯ ದಾರಿ. ಅತಿ ಹತ್ತಿರದ್ದು ಇಪ್ಪತ್ತೆಂಟು ಮೈಲಿ. ಈಗ ಅತಿ ದೂರದ್ದು ಎರಡು ಸಾವಿರದ ಆರುನೂರು ಮೈಲಿ.

ಎರಡು ವರ್ಷದ ಹಿಂದಿನ ಆ ಆಗಸ್ಟ್ ತಿಂಗಳನ್ನು ನಮ್ಮೂರಲ್ಲಿ ಯಾರೂ ಮರೆತಿಲ್ಲ. ಗೋಧಿ ಕೊಯ್ಲು ಅರ್ಧವಾಗಿತ್ತು. ತೊಂಬತ್ತು ವರ್ಷ ನಾವು ಆಡಿದ ಪಶ್ಚಿಮದ ಒಕ್ಕೂಟದಿಂದ ಮೊದಲು ದೊಡ್ಡ ಎರಡು ಕಾಲೇಜು ಹೊರಟವು, ಆಮೇಲೆ ಇನ್ನೆರಡು. ಅಟ್ಲಾಂಟಿಕ್ ಕಡೆಯ ಒಕ್ಕೂಟಕ್ಕೆ ಟೀವಿಯವರು ಹೊಸ ಕರಾರು ಕೊಟ್ಟಿದ್ದರು. ಅವರಿಗೆ ಪೂರ್ವದಲ್ಲಿ ಆಟ ಮುಗಿದ ಮೇಲೂ ಪರದೆಯ ಮೇಲೆ ತೋರಿಸಲು, ಗಡಿಯಾರದಲ್ಲಿ ಮೂರು ಗಂಟೆ ಹಿಂದಿರುವ ಪಶ್ಚಿಮದ ತಂಡ ಬೇಕಿತ್ತು. ನಮ್ಮ ಕಾಲೇಜಿಗೆ ಕರೆ ಬಂತು. ಇಪ್ಪತ್ತೆಂಟು ಮೈಲಿ ಆಚೆಯ ಲಾರ್ಚ್‌ಮಂಟ್ ಟೆಕ್ ಕಾಲೇಜಿಗೆ ಬರಲಿಲ್ಲ. ಲವಾನ್‌ಗೆ ಸುದ್ದಿ ಗೊತ್ತಾದದ್ದು ಹಿಲ್‌ಟಾಪ್ ಡೈನರ್‌ನಲ್ಲಿ, ಹಕಲ್‌ಬೆರಿ ಪೈ ತಿನ್ನುತ್ತಿರುವಾಗ. ಇಡೀ ಡೈನರ್ ಎದ್ದು ಚಪ್ಪಾಳೆ ತಟ್ಟಿತು. ಎದುರಿನ ಕುರ್ಚಿಯಲ್ಲಿದ್ದ ಅವರ ಗಂಡ ಮಾತ್ರ ಕೂತೇ ಇದ್ದರು.

ಮೈಲೋ ಪೆಟ್ರಿಕ್ ಕೂತೇ ಇದ್ದದ್ದಕ್ಕೆ ಕಾರಣವಿತ್ತು. ಲಾರ್ಚ್‌ಮಂಟ್ ಟೆಕ್‌ನ ಸಾಮಾನಿನ ಲಾರಿ ಓಡಿಸುತ್ತಿದ್ದವರು ಅವರೇ.

ಇವರಿಬ್ಬರ ಮದುವೆಯ ಕತೆ ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತು, ಆದರೂ ಲವಾನ್ ಬಾಯಲ್ಲಿ ಕೇಳಬೇಕು. ಗೋಧಿ ಬೆಳೆಗಾರರ ಮಗಳು ಆಕೆ. ಹದಿಮೂರಕ್ಕೇ ಹೊಲದಲ್ಲಿ ಕಾಳಿನ ಲಾರಿ ಓಡಿಸಿದವರು, ಇಪ್ಪತ್ತೆರಡಕ್ಕೆ ನದಿಯ ಬಂದರಿಗೆ ಗೋಧಿ ಹೊತ್ತು ದಿನಕ್ಕೆ ನಾಲ್ಕು ಸಲ ಕಣಿವೆ ಇಳಿದವರು. ಮೂವತ್ತೆರಡರಲ್ಲಿ ಕಾಲೇಜಿನ ಕೆಲಸ ಸಿಕ್ಕಿತು. ಮೊದಲ ವರ್ಷ ಹೋದ ಕಡೆಯೆಲ್ಲ ಗೇಟಿನವರು, "ಡ್ರೈವರ್ ಎಲ್ಲಮ್ಮಾ?" ಎಂದು ಕೇಳುತ್ತಿದ್ದರಂತೆ. "ಒಳಗೆ ನಿದ್ದೆ ಮಾಡ್ತಿದಾನೆ, ಎಬ್ಬಿಸ್ಬೇಡಿ, ಕೋಪಿಷ್ಠ, ಅಂತಿದ್ದೆ. ಗೇಟು ಬೇಗ ತೆಗೀತಿದ್ರು." ಟೆಕ್‌ನ ಅಂಗಳಕ್ಕೆ ಮೊದಲ ಸಲ ಹೋದಾಗ ಸುರಂಗದಂಥ ದಾರಿಯೊಳಕ್ಕೆ ಹಿಂದೆ ಹಿಂದೆ ಬರಲು ಕೈಬೀಸಿ ದಾರಿ ತೋರಿಸಿದವರು ಮೈಲೋ.

"ಬಾ, ಬಾ, ಇನ್ನೂ ಬಾ ಅಂದ. ಕಂಬಕ್ಕೆ ಢಂ ಅಂತು."

"ನಾನು ನಿಲ್ಲು ಅಂದೆ," ಎನ್ನುತ್ತಾರೆ ಪಕ್ಕದಲ್ಲಿ ಪೆಟ್ಟಿಗೆ ಏರಿಸುತ್ತಿರುವ ಮೈಲೋ.

"ಬಾ ಅಂದೆ."

"ನಿಲ್ಲು ಅಂದೆ. ನೀನು ಕನ್ನಡೀಲಿ ನನ್ನ ಮುಖ ನೋಡ್ತಿದ್ದೆ, ಕೈ ನೋಡ್ಲಿಲ್ಲ."

"ನೋಡೋ ಹಂಗಿತ್ತಲ್ಲ ಆ ಮುಖ, ಅದಕ್ಕೆ!" ಎಂದು ಲವಾನ್ ನಗುತ್ತಾರೆ. ನಾಲ್ಕು ವರ್ಷದ ನಂತರ ಮದುವೆಯಾದರು. ನವೆಂಬರಿನಲ್ಲಿ ಎರಡೂ ಕಾಲೇಜುಗಳ ಆಟವಿರುವ ವಾರ ಮನೆಯಲ್ಲಿ ಫುಟ್‌ಬಾಲ್ ಮಾತು ನಿಷೇಧ. ಗೆದ್ದ ತಂಡ ಒಯ್ಯುವ ಬಹುಮಾನ ಹಳೆಯ ಟ್ರ್ಯಾಕ್ಟರೊಂದರ ಕಬ್ಬಿಣದ ಸೀಟು. ಅದನ್ನು ಆಟಗಾರರು ಎತ್ತಿ ಕುಣಿದ ಮೇಲೆ ಯಾರಾದರೂ ಲಾರಿಯಲ್ಲಿ ಮನೆಗೆ ಒಯ್ಯಬೇಕಲ್ಲ, ಆ ಕೆಲಸ ಇಬ್ಬರಲ್ಲಿ ಒಬ್ಬರದ್ದು.

ಒಕ್ಕೂಟ ಒಡೆದದ್ದೇ ಆ ಆಟ ನಿಂತಿತು. ಹೊಸ ಒಕ್ಕೂಟದ ವೇಳಾಪಟ್ಟಿಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಟೆಕ್ ಸಣ್ಣ ಒಕ್ಕೂಟವೊಂದಕ್ಕೆ ಸೇರಿತು. ಆ ವರ್ಷದ ಕೊನೆಗೇ ಅಲ್ಲಿ ಕುಸ್ತಿ ತಂಡ ಮುಚ್ಚಿದರು, ಸಾಮಾನಿನ ಲಾರಿ ಮಾರಿದರು, ಮೈಲೋಗೆ ಒಂದು ಕೇಕು ತಂದು ಕತ್ತರಿಸಿ ನಿವೃತ್ತಿ ಕೊಟ್ಟರು. ಮೂವತ್ತಾರು ವರ್ಷದ ಕೆಲಸ.

"ನಿಮ್ಮೋರು ನಮ್ಮನ್ನ ರಸ್ತೆ ಪಕ್ಕ ಇಳಿಸಿ ಓಡೋದ್ರು," ಎಂದು ಮೈಲೋ ಹೆಂಡತಿಗೆ ಹೇಳಿದರಂತೆ.

"ನಾನೇನ್ ಓಡಿಸ್ಕೊಂಡು ಹೋದ್ನಾ?"

"ಲಾರಿ ನೀನೇ ತಾನೆ ಓಡಿಸೋದು!"

ಅದಕ್ಕೆ ಇಬ್ಬರೂ ನಕ್ಕರಂತೆ. ಆದರೆ ಆ ಚಳಿಗಾಲ ಮೈಲೋ ಗ್ಯಾರೇಜಿನಿಂದ ಹೊರಗೆ ಬಂದದ್ದು ಕಡಿಮೆ ಎನ್ನುತ್ತಾರೆ ಲವಾನ್. ಹಸಿರು ಬಣ್ಣದ ಟೆಕ್ ಜಾಕೆಟ್ಟನ್ನು ಒಗೆಯಲೂ ಬಿಡಲಿಲ್ಲ.

ಹೊಸ ಒಕ್ಕೂಟದ ಮೊದಲ ಋತು ಕಳೆದ ವರ್ಷ ಶುರುವಾಯಿತು. ಟೀವಿ ಹಣದಲ್ಲಿ ಕ್ರೀಡಾಂಗಣಕ್ಕೆ ಹೊಸ ದೀಪಗಳು ಬಂದವು, ಕಸರತ್ತಿನ ಮನೆ ದೊಡ್ಡದಾಯಿತು. ಸಾಫ್ಟ್‌ಬಾಲ್ ಆಡುವ ಹೆಣ್ಣುಮಕ್ಕಳು ಬುಧವಾರದ ಒಂದು ಆಟಕ್ಕೆ ಐದು ಗಂಟೆ ವಿಮಾನದಲ್ಲಿ ಕೂತು, ಅಲ್ಲೇ ಪಾಠ ಬರೆಯುವುದನ್ನು ಕಲಿತರು. ಲವಾನ್‌ಗೆ ಸಿಕ್ಕಿದ್ದು ಲಾರಿಯ ಮಲಗುಗೂಡಿಗೆ ಒಂದು ಹೊಸ ಹಾಸಿಗೆ. "ಒಳ್ಳೇ ಹಾಸಿಗೆ," ಎನ್ನುತ್ತಾರೆ, ವ್ಯಂಗ್ಯವಿಲ್ಲದೆ. "ಮನೇದಕ್ಕಿಂತ ಚೆನ್ನಾಗಿದೆ."

ಆದರೆ ಆಡಳಿತದವರಿಗೆ ಒಂದು ಅನುಮಾನವಿತ್ತು. ಕಾನೂನಿನ ಪ್ರಕಾರ ಒಬ್ಬ ಡ್ರೈವರ್ ದಿನಕ್ಕೆ ಹನ್ನೊಂದು ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ. ಅರವತ್ತು ದಾಟಿದ ಹೆಂಗಸು ಒಬ್ಬಳೇ ದೇಶದ ಆ ತುದಿಗೆ ಎಷ್ಟು ಸಲ ಹೋದಾಳು? ಇದನ್ನು ಸಾಗಾಣಿಕೆ ಕಂಪನಿಯೊಂದಕ್ಕೆ ಒಪ್ಪಿಸಿದರೆ ಹೇಗೆ? ಸಾಮಾನು ವಿಭಾಗದ ಮುಖ್ಯಸ್ಥ ಟೆರೆನ್ಸ್ ಯೋಡರ್, "ಒಂದು ಋತು ನೋಡೋಣ" ಎಂದು ಅವರನ್ನು ತಡೆದು ನಿಲ್ಲಿಸಿದರು. ಒಂದೇ ಒಂದು ಸಲ ಸಾಮಾನು ತಡವಾದರೂ ಲವಾನ್ ಕೆಲಸ ಕಂಪನಿಯ ಪಾಲು, ಅದು ಎಲ್ಲರಿಗೂ ಗೊತ್ತಿತ್ತು. ಲವಾನ್ ಸೋಮವಾರವೇ ಹೊರಡತೊಡಗಿದರು. ಐದು ಹಗಲು, ದಿನಕ್ಕೆ ಐನೂರು ಚಿಲ್ಲರೆ ಮೈಲಿ. ಎರಡು ಆಟ ಹೀಗೆ ಸುಸೂತ್ರವಾಗಿ ಮುಗಿದವು.

ಮೂರನೆಯದು ಅಕ್ಟೋಬರ್ ಕೊನೆಗೆ, ಕ್ಯಾರೊಲಿನಾದಲ್ಲಿ.

ಸೋಮವಾರ ಸಂಜೆ ಮೊಂಟಾನಾದ ಲಿವಿಂಗ್‌ಸ್ಟನ್ ಹತ್ತಿರ ಬಂದಾಗ ಗಾಳಿ ಎದ್ದಿತ್ತು. ಮುಂದೆ ಹೋಗುತ್ತಿದ್ದ ಖಾಲಿ ಟ್ರೇಲರ್ ಒಂದು ಅವರ ಕಣ್ಣೆದುರೇ ಒಂದು ಬದಿಯ ಚಕ್ರಗಳನ್ನು ನೆಲದಿಂದ ಎತ್ತಿ, ಮತ್ತೆ ಇಳಿಸಿತು. ಗಸ್ತಿನವರು ಎತ್ತರದ ಲಾರಿಗಳನ್ನೆಲ್ಲ ತಡೆದು ಪಕ್ಕದ ಬಯಲಿಗೆ ಕಳಿಸಿದರು. ಮಂಗಳವಾರ ಬೆಳಿಗ್ಗೆಯೂ ದಾರಿ ತೆರೆಯಲಿಲ್ಲ. ಗಾಳಿಯ ಜೊತೆ ಹಿಮವೂ ಸೇರಿತು. ನಲವತ್ತು ಲಾರಿಗಳು ಸಾಲಾಗಿ ನಿಂತು ಅಲುಗಾಡುತ್ತಿದ್ದವು. ಲವಾನ್ ಒಂದು ಕಾಗದದ ಮೇಲೆ ಲೆಕ್ಕ ಹಾಕಿದರು. ಬುಧವಾರ ದಾರಿ ತೆರೆದರೂ ಇನ್ನು ಎರಡು ಸಾವಿರದ ನೂರು ಮೈಲಿ ಉಳಿದಿದೆ. ಒಬ್ಬಳೇ, ಕಾನೂನು ಮೀರದೆ, ಮೂರು ದಿನದಲ್ಲಿ ಮುಟ್ಟುವ ದಾರಿಯಲ್ಲ. ಟೀವಿಯವರು ಆಟವನ್ನು ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಇಟ್ಟಿದ್ದರು.

"ಅಳು ಬಂತಾ?" ಎಂದು ಕೇಳುತ್ತೇನೆ.

"ಇಲ್ಲಪ್ಪ. ಎಂಬತ್ತೆರಡು ಹೆಲ್ಮೆಟ್ಟು ಬೆನ್ನ ಹಿಂದೆ ಕೂತ್ಕೊಂಡು ನನ್ನನ್ನೇ ನೋಡ್ತಿದಾವೆ ಅನ್ಸ್ತು."

ಸೋಮವಾರ ಸಂಜೆಯೇ ಅವರು ಮನೆಗೆ ಫೋನ್ ಮಾಡಿದ್ದರು. ತೊಂದರೆಯ ಮಾತು ಎತ್ತಲಿಲ್ಲ. ಮುಂದಿನದನ್ನು ಮೈಲೋ ಹೇಳುತ್ತಾರೆ.

"ಗಾಳಿ ಬಗ್ಗೆ ಒಂದು ಮಾತಿಲ್ಲ. ಇಲ್ಲಿ ಬೀನ್ ಸೂಪ್ ಚೆನ್ನಾಗಿದೆ ಕಣೋ, ಬ್ರೆಡ್ಡೂ ಬಿಸಿ ಇತ್ತು, ಅಂದ್ಲು. ಇಪ್ಪತ್ತೇಳು ವರ್ಷದಿಂದ ನೋಡ್ತಿದೀನಿ. ಇವಳು ಊಟ ಹೊಗಳಕ್ಕೆ ಶುರು ಮಾಡಿದ್ಲು ಅಂದ್ರೆ ಎಲ್ಲೋ ಏನೋ ಕೆಟ್ಟಿದೆ ಅಂತ. ಟೀವಿ ಹಾಕಿ ಹವಾಮಾನ ನೋಡ್ದೆ."

ಮಂಗಳವಾರ ಬೆಳಕು ಹರಿಯುತ್ತಲೇ ಮೈಲೋ ತಮ್ಮ ಪಿಕಪ್ ಗಾಡಿ ತೆಗೆದರು. ಗಾಳಿ ತಡೆದದ್ದು ಎತ್ತರದ ಲಾರಿಗಳನ್ನು, ಪಿಕಪ್‌ಗಳನ್ನಲ್ಲ. ಹತ್ತು ಗಂಟೆಯ ದಾರಿ. ಹೊರಡುವ ಮೊದಲು ಯೋಡರ್‌ಗೆ ಒಂದು ಫೋನ್ ಮಾಡಿದರು. ಋತು ಶುರುವಾಗುವ ಮೊದಲು, ಆಗಸ್ಟ್‌ನಲ್ಲಿ, ಲವಾನ್ ಮೀಸಲು ಡ್ರೈವರ್‌ಗಳ ಪಟ್ಟಿಗೆ ಗಂಡನ ಹೆಸರು ಸೇರಿಸಿ, ಅರ್ಜಿ ತುಂಬಿ, ಅಡುಗೆ ಮೇಜಿನ ಮೇಲಿಟ್ಟಿದ್ದರು. "ಸತ್ರೂ ಆ ಹಕ್ಕಿ ಲಾರಿ ಹತ್ತಲ್ಲ," ಎನ್ನುತ್ತಲೇ ಮೈಲೋ ಅದಕ್ಕೆ ಸಹಿ ಹಾಕಿದ್ದರು, ವೈದ್ಯರ ತಪಾಸಣೆಗೂ ಹೋಗಿಬಂದಿದ್ದರು. ಈಗ ಕೇಳಿದ್ದು ಇಷ್ಟೇ: "ಆ ಕಾಗದ ಇನ್ನೂ ಇದ್ಯಾ?"

"ನನ್ನ ಮೇಜಿನ ಮೇಲೇ ಇದೆ. ಎದುರಿಗೇ ಇದೆ. ಹೋಗಿ ಮಾರಾಯ್ರೆ, ಹೋಗಿ!" ಎಂದರಂತೆ ಯೋಡರ್.

ಸಂಜೆ ಲಾರಿಗಳ ಬಯಲಿನಲ್ಲಿ, ಹಿಮದ ನಡುವೆ, ಹಸಿರು ಜಾಕೆಟ್ಟಿನ ಮನುಷ್ಯನೊಬ್ಬ ಒಂದು ಕೈಯಲ್ಲಿ ಟೋಪಿ ಒತ್ತಿ ಹಿಡಿದು ಬರುವುದು ಕಂಡಿತು. ಲವಾನ್ ಕಿಟಕಿ ಇಳಿಸಿದರು.

"ಯಾರಪ್ಪ ನೀನು? ದಾರಿ ತಪ್ಪಿದ್ಯಾ?"

"ಸೂಪ್ ಚೆನ್ನಾಗಿದೆ ಅಂದ್ಯಲ್ಲ, ಕುಡ್ಯೋಣ ಅಂತ ಬಂದೆ."

"ನಾನೂರೈವತ್ತು ಮೈಲಿ?"

"ಬ್ರೆಡ್ಡೂ ಬಿಸಿ ಇದೆ ಅಂದೆ." ಮೈಲೋ ಟ್ರೇಲರಿನ ಮೇಲಿನ ಹಕ್ಕಿಯನ್ನು ಮೇಲಿಂದ ಕೆಳಗೆ ನೋಡಿದರು. "ಒಂದು ಮಾತು ಈಗ್ಲೇ ಹೇಳ್ಬಿಡ್ತೀನಿ. ಓಡಿಸ್ತೀನಿ. ಆದ್ರೆ ಈ ಜಾಕೆಟ್ ತೆಗ್ಯಲ್ಲ."

ಲವಾನ್ ಇಳಿದು ಬಂದು ಆ ಜಾಕೆಟ್ಟಿಗೇ ಮುಖ ಒತ್ತಿಕೊಂಡರು. ಎಷ್ಟೋ ತಿಂಗಳಿಂದ ಒಗೆಯದ ಜಾಕೆಟ್ಟು. "ವಾಸನೆ ಬರ್ತಿತ್ತು," ಎನ್ನುತ್ತಾರೆ. "ಆದ್ರೂ ಬಿಡ್ಲಿಲ್ಲ."

ಬುಧವಾರ ಬೆಳಿಗ್ಗೆ ಹತ್ತಕ್ಕೆ ದಾರಿ ತೆರೆಯಿತು. ಅವರು ಓಡಿಸುವಾಗ ಇವರು ಹಿಂದಿನ ಹಾಸಿಗೆಯಲ್ಲಿ, ಇವರು ಓಡಿಸುವಾಗ ಅವರು. ಮೊಂಟಾನಾ, ಡಕೋಟಾ, ಅಯೋವಾ, ಇಲಿನಾಯ್. ಇಬ್ಬರಿಗೂ ಮೂವತ್ತು ವರ್ಷದ ಅನುಭವವಿದ್ದರೂ ಒಂದೇ ಲಾರಿಯಲ್ಲಿ ಎಂದೂ ಕೂತಿರಲಿಲ್ಲ. ಮೊದಲ ನೂರು ಮೈಲಿಗೇ ಜಗಳ. ಮೈಲೋ ಇಳಿಜಾರಿನಲ್ಲಿ ಬ್ರೇಕ್ ಹೆಚ್ಚು ತುಳಿಯುತ್ತಾರೆಂದು ಲವಾನ್ ತಕರಾರು, ಲವಾನ್ ಕೋಳಿಯಂತೆ ಕತ್ತು ತಿರುಗಿಸಿ ತಿರುಗಿಸಿ ಕನ್ನಡಿ ನೋಡುತ್ತಾರೆಂದು ಮೈಲೋ ತಕರಾರು. ಕೆಂಟಕಿಗೆ ಬರುವ ಹೊತ್ತಿಗೆ ಒಬ್ಬರಿಗೊಬ್ಬರು ಹೊಂದಿಕೊಂಡಿದ್ದರು, ಅಥವಾ ಜಗಳಕ್ಕೆ ದಣಿದಿದ್ದರು.

ಶುಕ್ರವಾರ ಮಧ್ಯಾಹ್ನ ಲಾರಿ ಕ್ಯಾರೊಲಿನಾದ ಕ್ರೀಡಾಂಗಣದ ಗೇಟು ತಲುಪಿದಾಗ ಯೋಡರ್ ಇಳಿಜಾರಿನ ತುದಿಯಲ್ಲಿ ಒಂದು ಮಡಿಸುವ ಕುರ್ಚಿ ಹಾಕಿಕೊಂಡು ಕೂತಿದ್ದರು. ಬೆಳಗಿನಿಂದ ಅಲ್ಲಿಂದ ಎದ್ದಿರಲಿಲ್ಲವಂತೆ. ಪೆಟ್ಟಿಗೆಗಳ ಕಡೆ ತಿರುಗಿಯೂ ನೋಡದೆ, "ಊಟ ಆಯ್ತಾ ನಿಮ್ದು?" ಎಂದು ಕೇಳಿದರು. ಸಂಜೆಯೊಳಗೆ ಎಲ್ಲ ಗೂಡುಗಳಲ್ಲೂ ಹೆಲ್ಮೆಟ್ಟು ಕೂತವು. ಆಟಗಾರರಿಗೆ ಈ ಯಾವ ವಿಷಯವೂ ಗೊತ್ತಾಗಲಿಲ್ಲ. ಗೊತ್ತಾಗದಂತೆ ನೋಡಿಕೊಳ್ಳಲು ಲವಾನ್ ಯೋಡರ್ ಬಳಿ ಮಾತು ತೆಗೆದುಕೊಂಡಿದ್ದರು.

ಆಟ ಏನಾಯಿತು ಎಂದರೆ ಲವಾನ್ ಹೆಗಲು ಕುಣಿಸುತ್ತಾರೆ. "ಮೂವತ್ತೊಂದು ಹತ್ತು. ಸೋತ್ವಿ. ಅದು ನನ್ನ ಇಲಾಖೆ ಅಲ್ಲ."

ಭಾನುವಾರ ಇಬ್ಬರೂ ಟ್ರೇಲರ್ ಕಳಚಿಟ್ಟು, ಮುಂದಿನ ಗಾಡಿಯನ್ನಷ್ಟೇ ತೆಗೆದುಕೊಂಡು ಪೂರ್ವಕ್ಕೆ ಇನ್ನೂ ಎರಡು ಗಂಟೆ ಓಡಿಸಿದರು, ದಾರಿ ಮುಗಿಯುವ ತನಕ. ಇಬ್ಬರೂ ಹುಟ್ಟಿದಾರಭ್ಯ ಅಟ್ಲಾಂಟಿಕ್ ನೋಡಿರಲಿಲ್ಲ. ಬೂಟು ಕಳಚಿ, ಪ್ಯಾಂಟು ಮಡಚಿ, ಮೊಣಕಾಲುಮಟ್ಟ ನೀರಿನಲ್ಲಿ ನಿಂತರು. ನಮ್ಮ ಕಡೆಯ ಸಮುದ್ರದಷ್ಟು ತಣ್ಣಗಿರಲಿಲ್ಲ. ಮೈಲೋ, "ಟೀವಿಯೋರಿಗೆ ಒಂದು ಥ್ಯಾಂಕ್ಸ್ ಹೇಳ್ಬೇಕೋ ಏನೋ," ಎಂದರಂತೆ. ಆಮೇಲೆ, "ಬೇಡ ಬಿಡು," ಎಂದರಂತೆ.

ಈ ವರ್ಷ ವಸಂತದಲ್ಲಿ ಕಂಪನಿಯ ಪ್ರಸ್ತಾಪವನ್ನು ಆಡಳಿತ ಕೈಬಿಟ್ಟಿತು. ಲಾರಿಗೆ ಎರಡನೇ ಡ್ರೈವರ್ ಹುದ್ದೆ ಮಂಜೂರಾಯಿತು. ಮೈಲೋ ಮೂರು ವಾರ ಯೋಚಿಸಿ ಒಪ್ಪಿದರು, ಒಂದು ಷರತ್ತಿನ ಮೇಲೆ: ಮ್ಯಾಗ್‌ಪೈಸ್ ಹೆಸರಿರುವ ಬಟ್ಟೆ ತೊಡುವುದಿಲ್ಲ. ಯೋಡರ್ ಅವರಿಗೆ ಏನೂ ಬರೆಯದ ಬೂದುಬಣ್ಣದ ಅಂಗಿಗಳನ್ನು ತರಿಸಿಕೊಟ್ಟಿದ್ದಾರೆ. ನಮ್ಮ ತಂಡ ಆಡುತ್ತಿರುವಾಗ ಮೈಲೋ ಕ್ಯಾಬಿನ್ನಿನಲ್ಲೇ ಕೂತು, ಸಾವಿರಾರು ಮೈಲಿ ದೂರದ ಟೆಕ್ ಆಟದ ವಿವರಣೆಯನ್ನು ಫೋನಿನಲ್ಲಿ ಕೇಳುತ್ತಾರೆ. ಟೆಕ್ ಈ ವರ್ಷ ಮೂರಕ್ಕೆ ಮೂರೂ ಗೆದ್ದಿದೆ. ಮ್ಯಾಗ್‌ಪೈಸ್ ಗೆದ್ದಿರುವುದು ಒಂದು. ಈ ವಿಷಯ ಕ್ಯಾಬಿನ್ನಿನಲ್ಲಿ ದಿನಕ್ಕೆ ನಾಲ್ಕೈದು ಸಲವಾದರೂ ಬರುತ್ತದಂತೆ.

ಈಗ ಅವರು ಹೊರಡುವುದು ಮಂಗಳವಾರ. ಮುಟ್ಟುವುದು ಶುಕ್ರವಾರ ಬೆಳಿಗ್ಗೆ, ನಡುವೆ ಒಂದು ರಾತ್ರಿ ಮೋಟೆಲ್ಲಿನಲ್ಲಿ ಪೂರ್ತಿ ನಿದ್ದೆ. ಊಟ ಆದಷ್ಟೂ ಮನೆಯದು. ಲವಾನ್ ಮಾಡಿದ ಹ್ಯಾಮ್ ಸ್ಯಾಂಡ್‌ವಿಚ್ಚು, ಮೈಲೋ ಉಪ್ಪಿನಲ್ಲಿಟ್ಟ ಬೀಟ್‌ರೂಟು. ಆಟ ಎಷ್ಟು ಗಂಟೆಗೆ ಎಂಬುದು ಟೀವಿಯವರು ಹೇಳುವವರೆಗೆ ಯಾರಿಗೂ ಗೊತ್ತಿರುವುದಿಲ್ಲ. ಕೆಲವು ಸಲ ಹನ್ನೆರಡು ದಿನ ಮುಂಚೆ ಹೇಳುತ್ತಾರೆ, ಕೆಲವು ಸಲ ಆರೇ ದಿನ. ಲವಾನ್‌ಗೆ ಅದರಿಂದ ತೊಂದರೆಯಿಲ್ಲ. "ಅವರು ಯಾವಾಗ ಬೇಕಾದ್ರೂ ಆಡಿಸ್ಲಿ. ಅದಕ್ಕಿಂತ ಮುಂಚೆ ನಾನಲ್ಲಿರ್ತೀನಿ."

ಸುಸ್ತಾಗುವುದಿಲ್ಲವೇ ಎಂದರೆ ಆಗುತ್ತದೆ ಎನ್ನುತ್ತಾರೆ. ಎಡ ಮಂಡಿ ನೋಯುತ್ತದೆ. ಆದರೆ ಬೇಸರವಿಲ್ಲ. "ನೆಬ್ರಾಸ್ಕಾದಲ್ಲಿ ಬೆಳಗಾಗೋದು ನೋಡಿದೀರಾ ನೀವು? ಎಲ್ಲೂ ಏನೂ ಅಡ್ಡ ಇಲ್ಲ. ಮೊದ್ಲು ಒಂದು ಕಣಿವೆ ಇಳಿದು ಹತ್ತಿ, ಇಳಿದು ಹತ್ತಿ, ಅದೇ ಪ್ರಪಂಚ ಅನ್ಕೊಂಡಿದ್ದೆ. ಈಗ ಪಕ್ಕದಲ್ಲಿ ಇವನೂ ಇರ್ತಾನೆ. ಇಪ್ಪತ್ತೇಳು ವರ್ಷ ಶನಿವಾರ ಅಂದ್ರೆ ನಾನೊಂದು ಊರಲ್ಲಿ, ಇವನೊಂದು ಊರಲ್ಲಿ. ಒಕ್ಕೂಟ ಒಡೀತು ಅಂತ ಊರೋರೆಲ್ಲ ಅಳ್ತಾರೆ. ನಾನೂ ಅತ್ತಿದೀನಿ, ಸುಳ್ಯಾಕೆ ಹೇಳ್ಲಿ. ಆದ್ರೆ ನಮ್ಮನೇಲಿ ಅದು ಉಲ್ಟಾ ಆಯ್ತು, ನೋಡಿ."

ಆರೂಕಾಲು. ಕೊನೆಯ ಪೆಟ್ಟಿಗೆ ಒಳಗೆ ಹೋಗಿದೆ. ಮೈಲೋ ಬೂದು ಅಂಗಿಯ ತೋಳು ಮಡಚಿ ಟ್ರೇಲರಿನ ಬಾಗಿಲು ಎಳೆದು ಅಗುಳಿ ಹಾಕುತ್ತಾರೆ. ಲವಾನ್ ಹಿಂದೆಯೇ ಬಂದು ಅದೇ ಅಗುಳಿಯನ್ನು ಅಲ್ಲಾಡಿಸಿ ನೋಡುತ್ತಾರೆ. ಮೈಲೋ ನನ್ನತ್ತ ತಿರುಗಿ, "ನೋಡಿದ್ರಾ? ಬರ್ಕೊಳ್ಳಿ ಇದನ್ನ," ಎನ್ನುತ್ತಾರೆ.

ಹೊರಡುವ ಮೊದಲು ಒಂದು ಪ್ರಶ್ನೆ ಉಳಿದಿದೆ, ಏನಾದರೂ ಆಸೆ ಇದೆಯೇ ಎಂದು. ಲವಾನ್ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಯೋಚಿಸುತ್ತಾರೆ. ಎರಡೂ ಕಾಲೇಜಿನವರು ಕಳೆದ ತಿಂಗಳು ಒಂದು ಕಾಗದಕ್ಕೆ ಸಹಿ ಹಾಕಿದ್ದಾರೆ. ಒಕ್ಕೂಟಗಳ ಹೊರಗೆ, ಇನ್ನೆರಡು ವರ್ಷಕ್ಕೆ, ಸೆಪ್ಟೆಂಬರಿನಲ್ಲಿ ಲಾರ್ಚ್‌ಮಂಟ್‌ನಲ್ಲಿ ಒಂದು ಆಟ. ಆಗ ಲವಾನ್‌ಗೆ ಅರವತ್ತೈದು ತುಂಬಿರುತ್ತದೆ.

"ಅಲ್ಲೀತನಕ ಓಡಿಸ್ಬೇಕು ಅಂತಿದೆ. ಆವತ್ತು ಬೆಳಿಗ್ಗೆ ಎದ್ದು, ಇಪ್ಪತ್ತೆಂಟು ಮೈಲಿ ಹೋಗಿ, ಸಾಮಾನು ಇಳ್ಸಿ, ಆಟ ಮುಗುದ್ಮೇಲೆ ತುಂಬ್ಕೊಂಡು, ರಾತ್ರಿ ಊಟಕ್ಕೆ ಮನೇಗ್ ಬಂದ್ಬಿಡ್ಬೇಕು. ಅಷ್ಟೆ. ಅದು ಕೊನೇದು."

"ಅಡುಗೆ ಯಾರು ಮಾಡಿರ್ತಾರೆ?" ಒಳಗಿನಿಂದ ಮೈಲೋ ಕೂಗುತ್ತಾರೆ.

"ಸೋತೋರು," ಎಂದು ಲವಾನ್ ಮೇಲೆ ಹತ್ತಿ ಬಾಗಿಲು ಎಳೆದುಕೊಳ್ಳುತ್ತಾರೆ.